ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ, ಎರಡೇ ದಿನಕ್ಕೆ ಜ್ವರ ಬಿಟ್ಟಿದೆ. ಇನ್ನು ನಿಲ್ಲಿಸಬಹುದಾ?

ಅಡಿಕೆತೋಟ_ಸಾಗರ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಳಗಿನ ಹಳ್ಳಿ ನಮ್ಮದು. ನಮ್ಮ ಅತ್ತೆಗೆ ಜ್ವರ ಬಂದಿತ್ತು. ಮೊದಲು ಹತ್ತಿರದಲ್ಲೇ ತೋರಿಸಿದೆವು. ವಿಡಾಲ್ ಪರೀಕ್ಷೆ ಮಾಡಿ ಟೈಫಾಯಿಡ್ ಅಂದರು, ಸೆಫಿಕ್ಸಿಮ್ ಕೊಟ್ಟರು. ಜ್ವರ ಜಗ್ಗಲಿಲ್ಲ. ತಲೆನೋವು, ಮೈಕೈ ನೋವು ಇನ್ನೂ ಜಾಸ್ತಿ ಆಯಿತು. ಆಮೇಲೆ ಪೇಟೆಗೆ ಕರೆದುಕೊಂಡು ಹೋದೆವು. ಅಲ್ಲಿನ ಲೇಡಿ ಡಾಕ್ಟರ್ ಮೈಯೆಲ್ಲ ಹುಡುಕಿ ನೋಡಿದರು. ಸೊಂಟದ ಹತ್ತಿರ, ಸೀರೆ ಸಿಕ್ಕಿಸುವ ಜಾಗದಲ್ಲಿ, ಒಂದು ಕಪ್ಪು ಹಕ್ಕಳೆ ಇತ್ತು. ಸಿಗರೇಟಿನಿಂದ ಸುಟ್ಟ ಹಾಗೆ. ನೋವಿಲ್ಲ, ತುರಿಕೆ ಇಲ್ಲ. ಅತ್ತೆಗೇ ಗೊತ್ತಿರಲಿಲ್ಲ. ಸ್ಕ್ರಬ್ ಟೈಫಸ್ ಇರಬೇಕು ಅಂದರು. ರಕ್ತ ಪರೀಕ್ಷೆಗೆ ಕಳಿಸಿ, ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ 100 ಮಿಲಿಗ್ರಾಂ ಬೆಳಿಗ್ಗೆ ಒಂದು ರಾತ್ರಿ ಒಂದು, 7 ದಿನಕ್ಕೆ ಬರೆದುಕೊಟ್ಟರು.

ಎರಡು ದಿನದಲ್ಲಿ ಜ್ವರ ಬಿಟ್ಟಿತು. ಎದ್ದು ಓಡಾಡುತ್ತಿದ್ದಾರೆ. ಆದರೆ ಎದೆ ಉರಿ ಶುರುವಾಗಿದೆ. "ಈ ಮಾತ್ರೆ ಭಾರೀ ಉಷ್ಣ, ಜ್ವರ ಹೋಯ್ತಲ್ಲ, ಇನ್ಯಾಕೆ" ಅಂತ ಹಟ. ಉಷ್ಣಕ್ಕೆ ಅಂತ ರಾತ್ರಿ ಹಾಲಿನ ಜೊತೆ ನುಂಗುತ್ತಾರೆ, ಮೇಲೆ ಗ್ಯಾಸಿನ ಟಾನಿಕ್ ಎರಡು ಚಮಚ ಕುಡಿದು ಮಲಗುತ್ತಾರೆ. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಬೇರೆ ಮೊದಲಿನಿಂದ ನಡೀತಾ ಇದೆ. ಏನು ಮಾಡಲಿ? ಆಸ್ಪತ್ರೆಗೆ ಮತ್ತೆ ಹೋಗುವುದು ಗುರುವಾರ.

ಮದ್ದಿನಂಗಡಿ_ಕುಂದಾಪುರ · ಸೋಮವಾರ ರಾತ್ರಿ

ಅಕ್ಕ, ನಿಲ್ಲಿಸಬೇಡಿ ಮಾರಾಯ್ರೆ. ನಿಲ್ಲಿಸುವುದಿದ್ದರೆ ಅದನ್ನು ಹೇಳಬೇಕಾದವರು ಆ ಡಾಕ್ಟರು. ಹೇಗೆ ನುಂಗಬೇಕು ಅನ್ನುವುದನ್ನು ಮಾತ್ರ ನಾನು ಹೇಳುತ್ತೇನೆ. ಅಂಗಡಿಯಲ್ಲಿ ದಿನಾ ಹೇಳಿ ಹೇಳಿ ಬಾಯಿಪಾಠ ಆಗಿದೆ.

ಮಲಗುವ ಹೊತ್ತಿಗೆ ಒಂದು ಗುಟುಕು ಹಾಲಲ್ಲಿ ನುಂಗಿ ತಲೆದಿಂಬಿಗೆ ಒರಗಿದರೆ ಎದೆ ಉರಿಯದೆ ಇನ್ನೇನಾಗುತ್ತದೆ? ಡಾಕ್ಸಿ ಹುಳಿ ಗುಣದ ಮಾತ್ರೆ. ಅನ್ನನಾಳದಲ್ಲಿ ಅಂಟಿಕೊಂಡು ಅಲ್ಲೇ ಕರಗಿದರೆ ಅಲ್ಲೇ ಹುಣ್ಣು ಮಾಡುತ್ತದೆ. ಕ್ಯಾಪ್ಸೂಲ್ ಆದರೆ ಇನ್ನೂ ಜಾಸ್ತಿ ಅಂಟುತ್ತದೆ. ದೊಡ್ಡ ಲೋಟದ ತುಂಬ ನೀರು ಬೇಕು. ಕೂತುಕೊಂಡೇ ನುಂಗಬೇಕು. ಆಮೇಲೆ ಅರ್ಧ ಗಂಟೆಯಾದರೂ ಅಡ್ಡ ಬೀಳಬಾರದು, ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ 7, ಸಂಜೆ 7 ಅಂತ ಮಾಡಿಕೊಳ್ಳಿ. ಹೊಟ್ಟೆ ತೊಳಸಿದರೆ ಗಂಜಿ ಊಟದ ಜೊತೆಗೇ ಕೊಡಿ. ಈ ಮಾತ್ರೆಗೆ ಊಟದಿಂದ ದೊಡ್ಡ ತೊಂದರೆ ಇಲ್ಲ.

ಹಾಲು ಬೇರೆ ಹೊತ್ತಿಗೆ ಕುಡಿಯಲಿ. ಸುಣ್ಣದಂಶ ಮಾತ್ರೆಯನ್ನು ಹಿಡಿದುಕೊಂಡರೆ ಮದ್ದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಇದೇ ಜಾತಿಯ ಹಳೇ ಟೆಟ್ರಾಸೈಕ್ಲಿನ್‌ನಷ್ಟು ಕೆಡುವುದಿಲ್ಲ ನಿಜ, ಆದರೂ ಎರಡು ಗಂಟೆ ಅಂತರ ಇರಲಿ. ಗ್ಯಾಸಿನ ಟಾನಿಕ್ ಹಾಲಿಗಿಂತ ಕೆಟ್ಟದ್ದು. ಅದರಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತದೆ, ಡಾಕ್ಸಿಯನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ಉರಿ ತಡೆಯಲು ಆಗದಿದ್ದರೆ ಡಾಕ್ಟರನ್ನು ಕೇಳಿ, ಪ್ಯಾಂಟೊಪ್ರಜೋಲ್ ತರಹದ್ದು ಕೊಡುತ್ತಾರೆ. ಅದು ಹಾಗೆ ಕಟ್ಟಿಹಾಕುವುದಿಲ್ಲ.

ಕಬ್ಬಿಣದ ಮಾತ್ರೆ ಎಲ್ಲದಕ್ಕಿಂತ ತರಲೆ. ಅಂತರ ಕೊಟ್ಟರೂ ಡಾಕ್ಸಿಯ ಮಟ್ಟ ಇಳಿಸುತ್ತದೆ. ಕೋರ್ಸ್ ಮುಗಿಯುವ ತನಕ ಕಬ್ಬಿಣ ಬಿಡಬಹುದಾ ಅಂತ ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಗುರುವಾರದ ತನಕ ಕಾಯುವ ವಿಷಯ ಅಲ್ಲ ಅದು.

ನುಂಗುವಾಗ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತಾ? ಎದೆಯ ನಡುವೆ ಚುಚ್ಚುವ ನೋವು ಇದೆಯಾ? ಇದ್ದರೆ ಅದನ್ನೂ ಹೇಳಿ.

ಅಡಿಕೆತೋಟ_ಸಾಗರ · ಸೋಮವಾರ ರಾತ್ರಿ

ಸಿಕ್ಕಿಕೊಂಡ ಹಾಗೆ ಇಲ್ಲ, ಬರೀ ಉರಿ. ರಾಗಿ ಅಂಬಲಿ ಕೊಡಬಹುದಾ? ಬೆಳಿಗ್ಗೆ ಅದೇ ಅವರ ತಿಂಡಿ.

ಮದ್ದಿನಂಗಡಿ_ಕುಂದಾಪುರ · ಸೋಮವಾರ ರಾತ್ರಿ

ರಾಗಿಯಲ್ಲೂ ಸುಣ್ಣದಂಶ ಜಾಸ್ತಿ. ಮಾತ್ರೆ 7ಕ್ಕೆ, ಅಂಬಲಿ ಒಂಬತ್ತರ ಮೇಲೆ. ಮಾತ್ರೆ ಜೊತೆ ಅಕ್ಕಿ ಗಂಜಿ ಆರಾಮ.

ಘಟ್ಟದ_ಡಾಕ್ಟರ್ · ಮಂಗಳವಾರ ಬೆಳಿಗ್ಗೆ

ಮೇಲಿನವರು ನುಂಗುವ ವಿಷಯ ಸರಿಯಾಗಿ ಹೇಳಿದ್ದಾರೆ. ನಾನು ನಿಮ್ಮ ಅತ್ತೆಯವರನ್ನು ನೋಡಿಲ್ಲ, ಹಾಗಾಗಿ ಚಿಕಿತ್ಸೆ ಬದಲಿಸುವ ಮಾತು ಆಡುವುದಿಲ್ಲ. ಯಾಕೆ ನಿಲ್ಲಿಸಬಾರದು ಅನ್ನುವುದನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ಸ್ಕ್ರಬ್ ಟೈಫಸ್ ತರುವುದು ಓರಿಯೆನ್ಶಿಯಾ ಸುತ್ಸುಗಮುಶಿ ಅನ್ನುವ ಬ್ಯಾಕ್ಟೀರಿಯಾ. ಪೊದೆ, ಹುಲ್ಲು, ಬೇಣದಲ್ಲಿರುವ ಚಿಗರ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಕಚ್ಚಿ ಬರುತ್ತದೆ. ಕಚ್ಚಿದ ಜಾಗದಲ್ಲೇ ಆ ಕಪ್ಪು ಹಕ್ಕಳೆ. ಸೊಂಟ, ಕಂಕುಳು, ತೊಡೆಸಂದು, ಎದೆಯ ಕೆಳಗೆ, ಹೀಗೆ ಬಟ್ಟೆ ಬಿಗಿಯಾಗುವ ಕಡೆ ಇರುತ್ತದೆ. ಎಲ್ಲರಲ್ಲೂ ಕಾಣುವುದಿಲ್ಲ. ಮಳೆ ಹಿಂದೆ ಸರಿಯುವ ಹೊತ್ತಿಗೆ ನಮ್ಮ ಕಡೆ ಇದು ಜಾಸ್ತಿ.

ಈ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೆ ಹೊಕ್ಕು ಕೂರುತ್ತದೆ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಇವೆಲ್ಲ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವುದನ್ನು ತಡೆಯುವ ಔಷಧಿಗಳು. ಇದರ ಮೇಲೆ ಅವು ಕೆಲಸ ಮಾಡುವುದಿಲ್ಲ. ಬಾಟಲಿಗಟ್ಟಲೆ ಏರಿಸಿದರೂ ಅಷ್ಟೇ. ಡಾಕ್ಸಿಸೈಕ್ಲಿನ್ ಕೋಶದ ಒಳಗೆ ಹೋಗಿ ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಅದಕ್ಕೇ ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಇಳಿಯುತ್ತದೆ.

ಈಗ ನಿಮ್ಮ ಪ್ರಶ್ನೆ. ಡಾಕ್ಸಿ ಬ್ಯಾಕ್ಟೀರಿಯಾ ಬೆಳೆಯುವುದನ್ನು ತಡೆಯುತ್ತದೆ, ನೇರವಾಗಿ ಕೊಲ್ಲುವುದು ಕಡಿಮೆ. ಉಳಿದದ್ದನ್ನು ಚೊಕ್ಕ ಮಾಡುವುದು ನಮ್ಮ ದೇಹದ ಕೆಲಸ. ಅದಕ್ಕೆ ಸಮಯ ಬೇಕು. ಜ್ವರ ಬಿಟ್ಟ ದಿನವೇ ಮಾತ್ರೆ ಬಿಟ್ಟರೆ ಜ್ವರ ಮರುಕಳಿಸಬಹುದು. ಸ್ಕ್ರಬ್ ಟೈಫಸ್‌ನಲ್ಲಿ ಇದು ಗೊತ್ತಿರುವ ಸಂಗತಿ. ಈ ಕಾಯಿಲೆ ಕೈಮೀರಿದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳು ಎಲ್ಲಕ್ಕೂ ಹೋಗುತ್ತದೆ. ಆಗ ಮಾತ್ರೆಯಿಂದ ಆಗುವುದಿಲ್ಲ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರ ನೇತೃತ್ವದಲ್ಲಿ ನಮ್ಮ ದೇಶದ ಹಲವು ಆಸ್ಪತ್ರೆಗಳು ಸೇರಿ ತೀವ್ರ ಸ್ಕ್ರಬ್ ಟೈಫಸ್ ರೋಗಿಗಳ ಮೇಲೆ ಅಧ್ಯಯನ ಮಾಡಿದವು. 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂತು. ಅಂಥವರಿಗೆ ಡಾಕ್ಸಿ, ಅಜಿತ್ರೋಮೈಸಿನ್ ಎರಡನ್ನೂ ನರದ ಮೂಲಕ ಒಟ್ಟಿಗೆ ಕೊಟ್ಟರೆ ಒಂದೊಂದನ್ನೇ ಕೊಡುವುದಕ್ಕಿಂತ ಒಳ್ಳೆಯದು ಅಂತ ಗೊತ್ತಾಯಿತು. ನಿಮ್ಮ ಅತ್ತೆ ಆ ಹಂತಕ್ಕೆ ಹೋಗಿಲ್ಲ. ಅದು ಆ ಡಾಕ್ಟರ್ ಹಕ್ಕಳೆ ಹುಡುಕಿದ್ದರಿಂದ.

ಉಸಿರಾಟ ಕಷ್ಟ, ಮಂಪರು, ಮೂತ್ರ ಕಡಿಮೆ, ಕಣ್ಣು ಹಳದಿ, ಎಲ್ಲಾದರೂ ರಕ್ತಸ್ರಾವ, ಮತ್ತೆ ಜ್ವರ, ಇದರಲ್ಲಿ ಒಂದು ಕಂಡರೂ ಗುರುವಾರಕ್ಕೆ ಕಾಯಬೇಡಿ.

ಪುಸ್ತಕದಹುಳು · ಮಂಗಳವಾರ ಮಧ್ಯಾಹ್ನ

ಡಾಕ್ಟರ್ ಸರ್, ಒಂದು ಅನುಮಾನ. "ಕೋರ್ಸ್ ಮುಗಿಸಲೇಬೇಕು" ಅನ್ನುವುದೇ ಹಳೇ ನಂಬಿಕೆ ಅಂತ 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೇಖನ ಬಂದಿತ್ತಲ್ಲ? ಜಾಸ್ತಿ ದಿನ ಆಂಟಿಬಯೋಟಿಕ್ ತಗೊಂಡರೇ ನಿರೋಧಕ ಬ್ಯಾಕ್ಟೀರಿಯಾ ಬೆಳೆಯುತ್ತದೆ ಅಂತ ಅವರ ವಾದ. ಹಾಗಿದ್ದರೆ ಜ್ವರ ಬಿಟ್ಟ ಮೇಲೆ ನಿಲ್ಲಿಸುವುದೇ ಜಾಣತನ ಅಲ್ವಾ?

ಘಟ್ಟದ_ಡಾಕ್ಟರ್ · ಮಂಗಳವಾರ ಸಂಜೆ

ಒಳ್ಳೆಯ ಪ್ರಶ್ನೆ. ಆ ಲೇಖನದ ಮುಖ್ಯ ಮಾತು ನಿಜ. ಔಷಧಿ ದೇಹದಲ್ಲಿ ಇರುವಷ್ಟು ದಿನ ನಮ್ಮ ಕರುಳು, ಚರ್ಮ, ಗಂಟಲಲ್ಲಿ ಸುಮ್ನೆ ಇದ್ದ ಬ್ಯಾಕ್ಟೀರಿಯಾಗಳ ಮೇಲೂ ಒತ್ತಡ ಬೀಳುತ್ತದೆ. ಬದುಕಿ ಉಳಿದವು ನಿರೋಧಕವಾಗುತ್ತವೆ. ಹಾಗಾಗಿ ಬೇಡದ ದಿನಗಳು ಬೇಡ. ಮೊದಲು ಎರಡು ವಾರ ಕೊಡುತ್ತಿದ್ದ ಎಷ್ಟೋ ಸೋಂಕುಗಳಿಗೆ ಈಗ ಕಡಿಮೆ ದಿನ ಸಾಕು. ಸಾಧಾರಣ ನ್ಯುಮೋನಿಯಾ ಬೇಗ ಗುಣವಾಗುತ್ತಿದ್ದರೆ 5 ದಿನಕ್ಕೇ ನಿಲ್ಲಿಸುತ್ತೇವೆ.

ಆದರೆ ಇದು ಕಾಯಿಲೆ ಕಾಯಿಲೆಗೆ ಬೇರೆ. ಯಾವ ಕಾಯಿಲೆಗೆ ಎಷ್ಟು ದಿನ ಅಂತ ಪರೀಕ್ಷೆ ಮಾಡಿ ನೋಡಿದ ಮೇಲೆ ಬಂದ ಲೆಕ್ಕ ಅದು. ಬ್ರುಸೆಲ್ಲಾ ಗೊತ್ತಾ? ಕಂದು ಹಾಕಿದ ದನದಿಂದ ಮನುಷ್ಯರಿಗೆ ಬರುತ್ತದೆ. ಅದಕ್ಕೂ ಡಾಕ್ಸಿಯೇ, ಆದರೆ ಇನ್ನೊಂದು ಔಷಧಿ ಜೊತೆ 6 ವಾರ. ಅಲ್ಲಿ ಜ್ವರ ಬಿಟ್ಟ ದಿನ ನಿಲ್ಲಿಸಿದರೆ ಕಥೆ ಮುಗಿಯಿತು. ಕ್ಷಯವಂತೂ ಕೇಳಲೇಬೇಡಿ.

ಅರ್ಧಕ್ಕೇ ನಿಲ್ಲಿಸುವುದು ಸರಿ ಇರುವ ಸಂದರ್ಭವೂ ಉಂಟು. ಡಾಕ್ಸಿ ಶುರು ಮಾಡಿದ ಮೇಲೆ ಡೆಂಗಿ ಅಂತ ವರದಿ ಬಂತು, ಸ್ಕ್ರಬ್ ನೆಗೆಟಿವ್ ಬಂತು ಅಂದುಕೊಳ್ಳಿ. ಆಗ ನಾನೇ ನಿಲ್ಲಿಸುತ್ತೇನೆ. ಉಳಿದ ಮಾತ್ರೆ ಮುಗಿಸಿ ಅನ್ನುವುದರಲ್ಲಿ ಅರ್ಥ ಇಲ್ಲ.

ತಂಪುಶರಬತ್ತು · ಮಂಗಳವಾರ ಸಂಜೆ

ಇಷ್ಟೆಲ್ಲ ಯಾಕೆ? ಅಮೃತಬಳ್ಳಿ ಕಷಾಯ ಕುಡಿಸಿ, ಎರಡೇ ದಿನಕ್ಕೆ ಜ್ವರ ಮಾಯ. ಇಂಗ್ಲಿಷ್ ಔಷಧಿ ಎಲ್ಲ ಉಷ್ಣವೇ.

ನಿವೃತ್ತ_ನರ್ಸಮ್ಮ · ಮಂಗಳವಾರ ರಾತ್ರಿ

ತಮ್ಮಾ, ಕಷಾಯ ಕುಡಿಯಬೇಡಿ ಅಂತ ಯಾರೂ ಹೇಳಿಲ್ಲ. ಆದರೆ ಸ್ಕ್ರಬ್ ಜ್ವರದಲ್ಲಿ ಕಷಾಯ ನೆಚ್ಚಿಕೊಂಡು ಕೂತವರು ಕಡೆಗೆ ವೆಂಟಿಲೇಟರಿಗೆ ಬಂದದ್ದನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಆ ಮಾತು ಇಲ್ಲಿಗೆ ಬಿಡಿ.

ಸಾಗರದ ತಂಗಿಗೆ: ಅತ್ತೆಯ ಜೊತೆ ವಾದ ಮಾಡಬೇಡ. ಅವರ ವಯಸ್ಸಿನವರಿಗೆ ಉಷ್ಣ ಅಂದರೆ ಎದೆ ಉರಿ, ಉರಿಮೂತ್ರ, ಬಾಯಿಹುಣ್ಣು ಎಲ್ಲ ಸೇರಿ ಒಂದೇ ಮಾತು. ಆ ತೊಂದರೆಗಳು ಸುಳ್ಳಲ್ಲ. ಎದೆ ಉರಿಗೆ ಮೇಲೆ ದಾರಿ ಹೇಳಿದ್ದಾರೆ. ನೀರು ಚೆನ್ನಾಗಿ ಕುಡಿಯಲಿ. ಎಳನೀರು ಕೊಡು, ಮಾತ್ರೆ ಹೊತ್ತಿಗೆ ಮಾತ್ರ ಬೇಡ. ಬಾಯಲ್ಲಿ ಬಿಳಿ ಅಗ್ರ ಬಂದರೆ, ಕೆಳಗೆ ತುರಿಕೆ, ಬಿಳಿ ಹೋಗುವುದು ಶುರುವಾದರೆ ನಾಚಿಕೊಳ್ಳದೆ ಹೇಳಬೇಕು ಅಂತ ಅವರಿಗೆ ಹೇಳು. ಇಂಥ ಔಷಧಿ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತದೆ, ಆ ಜಾಗದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಹೆಂಗಸರು ಇದನ್ನು ಹೇಳುವುದೇ ಇಲ್ಲ, ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ. ಸ್ವಲ್ಪ ಸಡಿಲ ಭೇದಿ ಆಗುವುದು ಉಂಟು. ನೀರು ನೀರಾಗಿ ತುಂಬ ಸಲ ಹೋದರೆ, ರಕ್ತ ಕಂಡರೆ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ಮುಗಿದು ಕೆಲವು ವಾರದ ಮೇಲೆ ಆದರೂ ಸರಿ, ಈ ಔಷಧಿ ತಗೊಂಡಿದ್ದೆ ಅಂತ ಹೇಳಬೇಕು.

ಇನ್ನೊಂದು, ಬಿಸಿಲು. ಈ ಮಾತ್ರೆ ತಗೊಳ್ಳುವಾಗ ಚರ್ಮ ಬೇಗ ಸುಡುತ್ತದೆ. ಹುಷಾರಾಯಿತು ಅಂತ ಅಂಗಳದಲ್ಲಿ ಅಡಿಕೆ ಹರವಲು ಕೂರಿಸಬೇಡಿ.

ಡೋಸ್ ಮರೆತರೆ ನೆನಪಾದ ಕೂಡಲೇ ಕೊಡು. ಮುಂದಿನ ಡೋಸ್ ಹತ್ತಿರ ಬಂದಿದ್ದರೆ ಮರೆತದ್ದು ಬಿಟ್ಟುಬಿಡು. ಎರಡು ಒಟ್ಟಿಗೆ ಬೇಡ. ನುಂಗಿದ ಕೂಡಲೇ ವಾಂತಿ ಆದರೆ ಆಸ್ಪತ್ರೆಗೆ ಫೋನ್ ಮಾಡು.

ಹೊಸನಗರದವ · ಮಂಗಳವಾರ ರಾತ್ರಿ

ನಮ್ಮ ಮನೆಯಲ್ಲಿ ಡಾಕ್ಸಿ ಒಂದು ಸ್ಟ್ರಿಪ್ ಯಾವಾಗಲೂ ಇರುತ್ತದೆ. ಇಲಿ ಜ್ವರಕ್ಕೂ ಅದೇ, ಸ್ಕ್ರಬ್‌ಗೂ ಅದೇ. ಮಳೆಗಾಲದಲ್ಲಿ ಯಾರಿಗಾದರೂ ಜ್ವರ ಬಂದರೆ ಶುರು ಮಾಡಿಬಿಡುತ್ತೇವೆ. ಆಸ್ಪತ್ರೆ ದೂರ. ಇದರಲ್ಲಿ ತಪ್ಪೇನಿದೆ? ಡಾಕ್ಟರೂ ವರದಿಗೆ ಕಾಯದೆ ತಾನೇ ಕೊಟ್ಟದ್ದು?

ಘಟ್ಟದ_ಡಾಕ್ಟರ್ · ಬುಧವಾರ ಬೆಳಿಗ್ಗೆ

ಕಾಯದೆ ಕೊಟ್ಟರು, ನೋಡದೆ ಕೊಡಲಿಲ್ಲ. ಹಕ್ಕಳೆ ನೋಡಿದರು, ರಕ್ತ ತೆಗೆದರು, ಮತ್ತೆ ಬನ್ನಿ ಅಂದರು.

ನಿಮ್ಮ ಊರಿನದೇ ಉದಾಹರಣೆ ತಗೊಳ್ಳಿ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುವುದು. ಕಾಡಿಗೆ ಹೋದವರಿಗೇ ಬರುತ್ತದೆ, ಜ್ವರ, ತಲೆನೋವು, ಮೈಕೈ ನೋವು ಎಲ್ಲ ಸ್ಕ್ರಬ್ ತರಹವೇ. ಆದರೆ ಅದು ವೈರಸ್. ಡಾಕ್ಸಿ ಅಲ್ಲಿ ನಯಾಪೈಸೆ ಕೆಲಸ ಮಾಡುವುದಿಲ್ಲ. ಡೆಂಗಿ, ಫ್ಲೂ ಕೂಡ ಹಾಗೆಯೇ. ಕೋವಿಡ್ ಹೊತ್ತಿನಲ್ಲಿ ಎಷ್ಟು ಮನೆಗಳಲ್ಲಿ ಡಾಕ್ಸಿ ನುಂಗಿದರು, ನೆನಪಿದೆಯಾ? ಬ್ರಿಟನ್ನಿನಲ್ಲಿ ಮನೆಯಲ್ಲೇ ಇದ್ದ ಕೋವಿಡ್ ರೋಗಿಗಳಿಗೆ ಕೊಟ್ಟು ಪರೀಕ್ಷೆ ಮಾಡಿ ನೋಡಿದರು. ಉಪಯೋಗ ಇಲ್ಲ ಅಂತ 2021ರಲ್ಲಿ ನಿಲ್ಲಿಸಿದರು.

ಮನೆಯಲ್ಲಿ ಮಾತ್ರೆ ಇದೆ ಅನ್ನುವ ಧೈರ್ಯದಲ್ಲಿ ನೀವು ಮೂರು ದಿನ ಕೂರುತ್ತೀರಿ. ಡೆಂಗಿಯಾದರೆ ಪ್ಲೇಟ್‌ಲೆಟ್ ನೋಡಬೇಕಾದ ದಿನಗಳು ಅವು. ಮಂಗನ ಕಾಯಿಲೆಯಾದರೆ ರಕ್ತಸ್ರಾವ ಕಾಯಬೇಕಾದ ದಿನಗಳು. ಇಲಿ ಜ್ವರ ಜೋರಾಗಿದ್ದರೆ ಡಾಕ್ಸಿ ಮಾತ್ರೆ ಸಾಲದು, ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಬೇಕು. ಅಷ್ಟೇ ಅಲ್ಲ, ಅರ್ಧಂಬರ್ಧ ಮಾತ್ರೆ ನುಂಗಿ ಬಂದರೆ ನಮ್ಮ ಪರೀಕ್ಷೆಗಳೂ ಗೊಂದಲ ಆಗುತ್ತವೆ.

ಇನ್ನೊಂದು ಕಡೆಯ ತಪ್ಪೂ ಇದೆ. ಅದನ್ನು ನಮ್ಮ ವೈದ್ಯರೇ ಮಾಡುತ್ತೇವೆ. "ಆಂಟಿಬಯೋಟಿಕ್ ಅಪಾಯ" ಅಂತ ಕೇಳಿ ಕೇಳಿ, ಬೇಕಾದಾಗ ಡಾಕ್ಸಿ ಕೊಡದೆ ಸೆಫಿಕ್ಸಿಮ್ ತರಹದ ದುಬಾರಿ ಸೆಫಲೊಸ್ಪೊರಿನ್ ಹಚ್ಚುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಡಾಕ್ಸಿ, ಅಮಾಕ್ಸಿಸಿಲಿನ್ ಮೊದಲ ಗುಂಪಿನವು, ಅಂದರೆ ಎಲ್ಲ ಕಡೆ ಸಿಗಬೇಕಾದವು. ಸೆಫಿಕ್ಸಿಮ್, ಅಜಿತ್ರೋಮೈಸಿನ್ ಎರಡನೇ ಗುಂಪು, ಕಣ್ಣಿಟ್ಟು ಬಳಸಬೇಕಾದವು. ನಮ್ಮಲ್ಲಿ ಉಲ್ಟಾ. ಕಾಡಂಚಿನ ಊರಿನವರಿಗೆ ಐದಾರು ದಿನದ ಜ್ವರ, ಮಲೇರಿಯಾ ಡೆಂಗಿ ನೆಗೆಟಿವ್, ಅಂದರೆ ಸ್ಕ್ರಬ್ ನೆನಪಾಗಲೇಬೇಕು. ಅಲ್ಲಿ ಡಾಕ್ಸಿ ತಡ ಮಾಡುವುದೇ ಅಸುರಕ್ಷಿತ. ವಿಡಾಲ್ ಒಂದನ್ನೇ ನಂಬಿ ಟೈಫಾಯಿಡ್ ಅನ್ನುವುದು ನಿಲ್ಲುವ ತನಕ ಈ ಪಾಡು ತಪ್ಪುವುದಿಲ್ಲ.

ಹೊಸನಗರದವ · ಬುಧವಾರ ಮಧ್ಯಾಹ್ನ

ವೈರಸ್ಸಿನ ವಿಷಯ ಒಪ್ಪಿದೆ ಸರ್. ಆದರೆ ಮಳೆಗಾಲದಲ್ಲಿ ಹೊಳೆ ತುಂಬಿದರೆ ನಮ್ಮೂರಿಂದ ಹೊರಗೆ ಬರಲಿಕ್ಕೇ ಆಗುವುದಿಲ್ಲ. ಅದಕ್ಕೆ ಏನಾದರೂ ದಾರಿ ಹೇಳಿ.

ಘಟ್ಟದ_ಡಾಕ್ಟರ್ · ಬುಧವಾರ ಮಧ್ಯಾಹ್ನ

ಆಶಾ ಕಾರ್ಯಕರ್ತೆ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನ್ ಮಾಡಿಸಿ. ಅವರು ಫೋನಿನಲ್ಲಿ ಕೇಳಿ ಶುರು ಮಾಡಿ ಅಂದರೆ ಮಾಡಿ. ಶುರು ಮಾಡಿದ ದಿನ, ಹೊತ್ತು ಚೀಟಿಯಲ್ಲಿ ಬರೆದಿಡಿ. ಅದು ಸ್ವಂತ ಔಷಧಿ ಮಾಡಿಕೊಂಡ ಹಾಗಲ್ಲ. ಹೊಳೆ ಇಳಿದ ಕೂಡಲೇ ಬನ್ನಿ.

ಎರಡುಮಕ್ಕಳತಾಯಿ · ಬುಧವಾರ ಮಧ್ಯಾಹ್ನ

ಮಕ್ಕಳಿಗೆ ಡಾಕ್ಸಿ ಕೊಟ್ಟರೆ ಹಲ್ಲು ಹಳದಿ ಆಗುತ್ತದೆ ಅಂತಾರೆ. ನನ್ನ ತಂಗಿ ಬಸುರಿ, ಅವಳದೂ ತೋಟದ ಮನೆ. ಅವರಿಗೆಲ್ಲ ಸ್ಕ್ರಬ್ ಬಂದರೆ ಏನು ಗತಿ?

ಘಟ್ಟದ_ಡಾಕ್ಟರ್ · ಬುಧವಾರ ಸಂಜೆ

ಹಳೇ ಟೆಟ್ರಾಸೈಕ್ಲಿನ್‌ಗಳು ಹಲ್ಲು ಮೂಡುವ ವಯಸ್ಸಿನಲ್ಲಿ ಹಲ್ಲಿಗೆ ಬಣ್ಣ ಹಿಡಿಸುತ್ತಿದ್ದವು. ಅದಕ್ಕೇ 8 ವರ್ಷದೊಳಗೆ ಬೇಡ ಅನ್ನುವ ನಿಯಮ ಬಂತು. ಡಾಕ್ಸಿ ಸುಣ್ಣದಂಶಕ್ಕೆ ಅಷ್ಟು ಅಂಟುವುದಿಲ್ಲ. ಕಡಿಮೆ ದಿನ ಕೊಟ್ಟರೆ ಹಲ್ಲಿಗೆ ತೊಂದರೆ ಕಂಡುಬಂದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈಗ ಯಾವ ವಯಸ್ಸಿಗೂ 21 ದಿನದ ತನಕ ಕೊಡಬಹುದು ಅನ್ನುತ್ತದೆ. ಸ್ಕ್ರಬ್ ಜೀವಕ್ಕೇ ಬರುವ ಕಾಯಿಲೆ, ಮಕ್ಕಳ ವೈದ್ಯರು ತೂಕ ನೋಡಿ ಕೊಡುತ್ತಾರೆ. ದೊಡ್ಡವರ ಮಾತ್ರೆಯನ್ನು ಮುರಿದು ನೀವೇ ಕೊಡಬೇಡಿ.

ಬಸುರಿಯರಿಗೆ ಸಾಮಾನ್ಯವಾಗಿ ಡಾಕ್ಸಿ ಕೊಡುವುದಿಲ್ಲ. ಸ್ಕ್ರಬ್ ಆದರೆ ಅಜಿತ್ರೋಮೈಸಿನ್ ಇದೆ. ಎದೆಹಾಲು ಕುಡಿಸುವವರೂ, ತಿಂಗಳು ನಿಂತಿರಬಹುದು ಅನ್ನುವ ಅನುಮಾನ ಇರುವವರೂ ಮೊದಲೇ ಹೇಳಬೇಕು.

ಜೊತೆಗೇ ಇದನ್ನೂ ಹೇಳಿಬಿಡುತ್ತೇನೆ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರಿಗೆ ಡಾಕ್ಸಿ ಜೊತೆ ರಕ್ತಸ್ರಾವದ ಅಪಾಯ ಏರುತ್ತದೆ, ರಕ್ತ ಪರೀಕ್ಷೆ ಬೇಗ ಮಾಡಿಸಬೇಕು. ಫಿಟ್ಸ್‌ಗೆ ಫೆನಿಟಾಯಿನ್, ಕಾರ್ಬಮಜೆಪೈನ್ ತಗೊಳ್ಳುವವರಲ್ಲಿ ಡಾಕ್ಸಿ ಬೇಗ ಕರಗಿಹೋಗುತ್ತದೆ. ಹೋದ ಕಡೆ ನಿಮ್ಮ ಎಲ್ಲ ಮಾತ್ರೆಯ ಸ್ಟ್ರಿಪ್ ತೋರಿಸಿ. "ಬಿಪಿ ಮಾತ್ರೆ ಒಂದು, ಬಿಳಿ ಮಾತ್ರೆ ಒಂದು" ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ.

ಹಾಸ್ಟೆಲ್_ಹುಡುಗಿ · ಬುಧವಾರ ಸಂಜೆ

ನನಗೆ ಮೊಡವೆಗೆ ಅಂತ ಇದೇ ಡಾಕ್ಸಿ ಕೊಟ್ಟಿದ್ದಾರೆ! ಸ್ಕ್ರಬ್ ಟೈಫಸ್ ಮಾತ್ರೆ ಮೊಡವೆಗಾ?

ನಿವೃತ್ತ_ನರ್ಸಮ್ಮ · ಬುಧವಾರ ರಾತ್ರಿ

ಹೌದು ಮಗಳೇ. ಹಲವು ಬಗೆಯ ಬ್ಯಾಕ್ಟೀರಿಯಾಕ್ಕೆ ತಾಗುವ ಔಷಧಿ ಅಂದರೆ ಅದೇ. ಕಾಲರಾದಿಂದ ಹಿಡಿದು ಪ್ಲೇಗಿನ ತನಕ ಬಳಸುತ್ತಾರೆ. ಮೊಡವೆಯಲ್ಲಿ ಉರಿಯೂತವನ್ನೂ ಇಳಿಸುತ್ತದೆ. ಆದರೆ ಚರ್ಮದ ಡಾಕ್ಟರ್ ಹೇಳಿದಷ್ಟು ತಿಂಗಳು ಮಾತ್ರ, ಚೀಟಿ ತೋರಿಸಿ ತೋರಿಸಿ ವರ್ಷಗಟ್ಟಲೆ ಅಲ್ಲ. ಹಚ್ಚಲು ಬೆಂಜಾಯ್ಲ್ ಪೆರಾಕ್ಸೈಡ್ ಕೊಟ್ಟಿದ್ದರೆ ಅದನ್ನು ಬಿಡಬೇಡ. ಬರೀ ಮಾತ್ರೆ ಮೇಲೆ ನಿಂತರೆ ಬ್ಯಾಕ್ಟೀರಿಯಾ ಬೇಗ ಪಳಗುತ್ತದೆ. ಮೊಡವೆಗೇ ಕೊಡುವ ಐಸೊಟ್ರೆಟಿನಾಯಿನ್ ಜೊತೆ ಡಾಕ್ಸಿ ಬೇಡವೇ ಬೇಡ, ತಲೆಯೊಳಗಿನ ಒತ್ತಡ ಏರಬಹುದು. ಜೋರು ತಲೆನೋವು, ಕಣ್ಣು ಮಂಜು ಆದರೆ ಮಾತ್ರೆ ನಿಲ್ಲಿಸಿ ಅದೇ ದಿನ ತೋರಿಸು. ಸನ್‌ಸ್ಕ್ರೀನ್ ಹಚ್ಚಿಕೋ.

ದಾರ್_ಎಸ್_ಸಲಾಂ_ಕನ್ನಡಿಗ · ಬುಧವಾರ ರಾತ್ರಿ

ಇಲ್ಲಿ ತಾಂಜಾನಿಯಾಕ್ಕೆ ಬರುವವರು ಮಲೇರಿಯಾ ಬರದ ಹಾಗೆ ದಿನಕ್ಕೊಂದು ಡಾಕ್ಸಿ ತಗೊಳ್ಳುವುದು ಉಂಟು. ವಾಪಸ್ ಹೋದ ಮೇಲೂ 4 ವಾರ ಮುಂದುವರಿಸಬೇಕು. ಊರಿಗೆ ಬಂದಿಳಿದ ದಿನವೇ ಬಿಡುವವರೇ ಜಾಸ್ತಿ. ಆಮೇಲೆ ಬೆಂಗಳೂರಲ್ಲಿ ಚಳಿಜ್ವರ.

ದಾಳಿಂಬೆ_ಹೊಸದುರ್ಗ · ಗುರುವಾರ ಬೆಳಿಗ್ಗೆ

ಮನುಷ್ಯರಿಗೆ ಇಷ್ಟು ಕಟ್ಟುನಿಟ್ಟು ಹೇಳುತ್ತೀರಿ. ನಮ್ಮ ಕಡೆ ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದರೆ ಸ್ಟ್ರೆಪ್ಟೋಸೈಕ್ಲಿನ್ ಹೊಡೆಯುತ್ತಾರೆ. ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಮುಖಕ್ಕೆ ಬಟ್ಟೆ ಕೂಡ ಕಟ್ಟದೆ ಹೊಡೆಯುತ್ತಾರೆ. ಅದು ನೆಲಕ್ಕೆ, ನೀರಿಗೆ ಹೋಗುವುದಿಲ್ಲವಾ? ಹಸುವಿಗೆ ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಇಷ್ಟು ದಿನ ಹಾಲು ಹಾಕಬೇಡಿ ಅಂತ ಬಾಟಲಿ ಮೇಲೇ ಇರುತ್ತದೆ. ಸಂಜೆಯೇ ಡೇರಿಗೆ ಹಾಕುವವರು ಇದ್ದಾರೆ. ಅತ್ತೆ ಎರಡು ದಿನ ಮೊದಲೇ ಮಾತ್ರೆ ಬಿಟ್ಟರೆ ದೇಶ ಮುಳುಗುತ್ತದಾ?

ಘಟ್ಟದ_ಡಾಕ್ಟರ್ · ಗುರುವಾರ ಮಧ್ಯಾಹ್ನ

ನಿಮ್ಮ ಸಿಟ್ಟು ಸರಿಯಾದ ಜಾಗದಲ್ಲೇ ಇದೆ. ಕೋಳಿ, ದನ, ತೋಟ, ಆಸ್ಪತ್ರೆಯ ಚರಂಡಿ, ಎಲ್ಲ ಕಡೆ ಬ್ಯಾಕ್ಟೀರಿಯಾ ಈ ಔಷಧಿಗಳನ್ನು ಎದುರಿಸಲು ಕಲಿಯುತ್ತದೆ, ಕಲಿತದ್ದನ್ನು ಒಂದಕ್ಕೊಂದು ದಾಟಿಸುತ್ತದೆ. 2019ರಲ್ಲಿ ಪ್ರಾಣಿಗಳ ಸಾಕಣೆಯಲ್ಲಿ ಕೊಲಿಸ್ಟಿನ್ ನಿಷೇಧಿಸಿದ್ದು ಅದಕ್ಕೇ. ಅದು ನಮ್ಮ ಕೈಯಲ್ಲಿರುವ ಕೊನೆಯ ಔಷಧಿಗಳಲ್ಲಿ ಒಂದು. ಆದರೆ ಅತ್ತೆಯವರ ಮಾತು ದೇಶದ್ದಲ್ಲ. ಮಾತ್ರೆ ಬಿಟ್ಟರೆ ಜ್ವರ ಮರಳುವುದು ಅವರಿಗೇ.

ಅಡಿಕೆತೋಟ_ಸಾಗರ · ಗುರುವಾರ ರಾತ್ರಿ

ಎಲ್ಲರಿಗೂ ಥ್ಯಾಂಕ್ಸ್. ಮಂಗಳವಾರವೇ ಫೋನ್ ಮಾಡಿದ್ದೆ. ಕಬ್ಬಿಣದ ಮಾತ್ರೆ ಕೋರ್ಸ್ ಮುಗಿಯುವ ತನಕ ಬೇಡ ಅಂದರು. ಗ್ಯಾಸಿನ ಟಾನಿಕ್ ಬಾಟಲಿಯನ್ನು ನಾನೇ ಅಡಗಿಸಿಟ್ಟಿದ್ದೇನೆ. ಸಂಜೆ 7ಕ್ಕೆ ಗಂಜಿ ಜೊತೆ ಮಾತ್ರೆ, ಆಮೇಲೆ ಧಾರಾವಾಹಿ ಮುಗಿಯುವ ತನಕ ಕೂತೇ ಇರುತ್ತಾರೆ. ಉರಿ ಹೆಚ್ಚುಕಡಿಮೆ ಹೋಗಿದೆ. ಇವತ್ತು ವರದಿ ಬಂತು, ಸ್ಕ್ರಬ್ ಐಜಿಎಂ ಪಾಸಿಟಿವ್. ಉಳಿದ ಮಾತ್ರೆ ಮುಗಿಸಿ ಅಂದರು.

ಎರಡು ಪ್ರಶ್ನೆ ಉಳಿದಿವೆ. ಮನೆಯವರೂ ಅದೇ ತೋಟದಲ್ಲಿ ಕೆಲಸ ಮಾಡುತ್ತಾರೆ. ಅವರಿಗೂ ಮುಂಚೆಯೇ ಒಂದು ಕೋರ್ಸ್ ಕೊಡಿಸಬೇಕಾ? ಇಲಿ ಜ್ವರಕ್ಕೆ ವಾರಕ್ಕೊಂದು ಸಲ ಕೊಡುತ್ತಾರಂತಲ್ಲ? ಮತ್ತೆ, ಮೊದಲು ಕೊಟ್ಟ ಸೆಫಿಕ್ಸಿಮ್ ಉಳಿದಿದೆ, ಇಟ್ಟುಕೊಳ್ಳಲಾ?

ಘಟ್ಟದ_ಡಾಕ್ಟರ್ · ಗುರುವಾರ ರಾತ್ರಿ

ವಾರಕ್ಕೊಂದು ಸಲ 200 ಮಿಲಿಗ್ರಾಂ ಕೊಡುವುದು ಇಲಿ ಜ್ವರ ತಡೆಗೆ. ಅದೂ ನೆರೆ ನೀರಿನಲ್ಲಿ, ಕೆಸರಿನಲ್ಲಿ ಇಳಿಯಲೇಬೇಕಾದವರಿಗೆ, ಆ ಕೆಲಸ ಇರುವಷ್ಟು ವಾರ ಮಾತ್ರ. 2018ರ ಕೇರಳ ನೆರೆಯಲ್ಲಿ ಹಾಗೆ ಹಂಚಿದ್ದರು. ಆರೋಗ್ಯ ಇಲಾಖೆ ಹೇಳಿದರೆ ತಗೊಳ್ಳಿ. ಒಂದೇ ತೋಟ ಅನ್ನುವ ಕಾರಣಕ್ಕೆ ನಿಮ್ಮ ಯಜಮಾನರಿಗೆ ಈಗ ಬೇಡ. ಸ್ಕ್ರಬ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಜ್ವರ ಬಂದರೆ ಮಾತ್ರ ಮನೆಯಲ್ಲಿ ಸ್ಕ್ರಬ್ ಆಗಿತ್ತು ಅಂತ ಮೊದಲ ದಿನವೇ ಹೇಳಲಿ.

ಪೂರ್ತಿ ತೋಳಿನ ಅಂಗಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸುವುದು, ಹುಲ್ಲಿನ ಮೇಲೆ ಬರೀ ಮೈ ಒರಗದಿರುವುದು. ಬಂದ ಕೂಡಲೇ ಬಿಸಿನೀರು, ಸೋಪು, ಉಜ್ಜಿ ಸ್ನಾನ. ತೋಟದ ಬಟ್ಟೆಯನ್ನು ಹಾಸಿಗೆ ಮೇಲೆ ಎಸೆಯಬೇಡಿ. ಮಂಗನ ಕಾಯಿಲೆ ದಿನಗಳಲ್ಲಿ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳಲಿ.

ಮದ್ದಿನಂಗಡಿ_ಕುಂದಾಪುರ · ಗುರುವಾರ ರಾತ್ರಿ

ಉಳಿದ ಸೆಫಿಕ್ಸಿಮ್ ಇಟ್ಟುಕೊಳ್ಳಬೇಡಿ ಅಕ್ಕ. ಅದು ಎಚ್-1 ಪಟ್ಟಿಯ ಔಷಧಿ. 2014ರಿಂದ ಅಂಥವಕ್ಕೆ ನಾವು ಬೇರೆ ರಿಜಿಸ್ಟರ್ ಬರೆದು 3 ವರ್ಷ ಇಡಬೇಕು, ಯಾರು ಬರೆದರು, ಯಾರಿಗೆ ಕೊಟ್ಟೆವು ಅಂತ. ಡಾಕ್ಸಿ ಆ ಪಟ್ಟಿಯಲ್ಲಿ ಇಲ್ಲ, ಆದರೂ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಸ್ಟ್ರಿಪ್ ಹಿಂದೆ ಕೆಂಪು ಗೆರೆ ನೋಡಿ. ಉಳಿದದ್ದನ್ನು ಬಚ್ಚಲಿಗೆ, ತೋಟಕ್ಕೆ ಎಸೆಯಬೇಡಿ. ಪರಿಚಯದ ಅಂಗಡಿ ಅಥವಾ ಆಸ್ಪತ್ರೆಯಲ್ಲಿ ವಾಪಸ್ ತಗೊಳ್ಳುತ್ತಾರಾ ಕೇಳಿ. ಹಳೇ ಟೆಟ್ರಾಸೈಕ್ಲಿನ್ ಜಾತಿಯ ಮಾತ್ರೆಯಂತೂ ಅವಧಿ ಮುಗಿದ ಮೇಲೆ ಮುಟ್ಟಲೇಬಾರದು. ಕೆಟ್ಟುಹೋದ ಟೆಟ್ರಾಸೈಕ್ಲಿನ್ ಮೂತ್ರಪಿಂಡಕ್ಕೆ ಹೊಡೆತ ಕೊಟ್ಟದ್ದು 1960ರ ದಶಕದಲ್ಲೇ ಗೊತ್ತಾಗಿದೆ.

ಹೊಸನಗರದವ · ಗುರುವಾರ ರಾತ್ರಿ

ಚೀಟಿ ಇಲ್ಲದೆ ಕೊಡುವ ಹಾಗಿಲ್ಲ ಅಂತೀರಿ. ಹಾಗಾದರೆ ನನ್ನ ಮನೆಯ ಸ್ಟ್ರಿಪ್ ಎಲ್ಲಿಂದ ಬಂತು? "ಡಾಕ್ಸಿ ಹತ್ತು ಕೊಡಿ" ಅಂದೆ, ಕೊಟ್ಟರು. ಕತ್ತರಿಯಲ್ಲಿ ನಾಲ್ಕು ಕತ್ತರಿಸಿ ಕೊಡುವವರೂ ಇದ್ದಾರೆ.

ಮದ್ದಿನಂಗಡಿ_ಕುಂದಾಪುರ · ಗುರುವಾರ ರಾತ್ರಿ

ಇದ್ದಾರೆ, ಇಲ್ಲ ಅನ್ನುವುದಿಲ್ಲ. ನಾನು ಇಲ್ಲ ಅಂದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾರೆ, ಜೊತೆಗೆ ತಿಂಗಳ ಬಿಪಿ ಮಾತ್ರೆಯನ್ನೂ ಅಲ್ಲೇ ತಗೊಳ್ಳುತ್ತಾರೆ. ನಾಲ್ಕು ಕತ್ತರಿಸಿ ಕೊಟ್ಟಾಗ ತಾರೀಕು ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ, ಅದು ಇನ್ನೊಂದು ತಲೆನೋವು. ನಿಮ್ಮ ಸ್ಟ್ರಿಪ್ಪಿನಲ್ಲಿ ತಾರೀಕು ಎಷ್ಟಿದೆ ನೋಡಿ ಮಾರಾಯ್ರೆ, ಈಗಲೇ.

ಹೊಸನಗರದವ · ಗುರುವಾರ ರಾತ್ರಿ

ತುದಿ ಇಲ್ಲ. ಒಲೆಗೆ ಹಾಕಬಹುದಾ?

ಮದ್ದಿನಂಗಡಿ_ಕುಂದಾಪುರ · ಗುರುವಾರ ರಾತ್ರಿ

ಬೇಡ, ಪ್ಲಾಸ್ಟಿಕ್ ಹೊಗೆ. ನಾಳೆ ಪೇಟೆಗೆ ಹೋಗುವಾಗ ತಗೊಂಡು ಹೋಗಿ, ಕೊಟ್ಟ ಅಂಗಡಿಯವರಿಗೇ ಕೊಟ್ಟು ಬನ್ನಿ.